ವೋಚರಿಗೆ ಲಗತ್ತಿಸಿದ್ದ ನಕ್ಷೆ

2011ರ ಏಪ್ರಿಲ್. ಮೇರಿಲ್ಯಾಂಡಿಗೆ ಬಂದು ನನಗೆ ಮೂರು ವರ್ಷವಾಗಿತ್ತು. ಒಂದು ನೆರವು ಸಂಸ್ಥೆಯ ಲೆಕ್ಕ ತಪಾಸಣೆಗೆ ಕೂತಿದ್ದಾಗ, ದಕ್ಷಿಣ ಸೊಮಾಲಿಯಾದ ಹಳ್ಳಿಗಳಿಗೆ ಟ್ಯಾಂಕರಿನಲ್ಲಿ ನೀರು ಸಾಗಿಸಿದ ಬಿಲ್ಲೊಂದು ಕೈಗೆ ಬಂತು. ನಿಯಮದಂತೆ ಇರಬೇಕಾದ ಮೂರು ಕೊಟೇಶನ್‌ಗಳು ಇರಲಿಲ್ಲ. ‘ತುರ್ತು ಖರೀದಿ’ ಎಂದು ಬರೆದು, ಆಧಾರವಾಗಿ ಒಂದು ನಕ್ಷೆ ಲಗತ್ತಿಸಿದ್ದರು: ಹಳದಿ, ಕಿತ್ತಳೆ, ಕೆಂಪು ಬಣ್ಣದ ತುಂಡುಗಳು. ‘ತುರ್ತಿಗೆ ಸಾಕಷ್ಟು ಆಧಾರವಿಲ್ಲ’ ಎಂದು ಷರಾ ಬರೆದೆ. ಅದನ್ನು ಓದಿದ ಸಂಸ್ಥೆಯವರು ಮುಂದಿನ ಖರೀದಿಗೆ ಮೂರು ಕೊಟೇಶನ್ ಬರಲಿ ಎಂದು ಐದು ವಾರ ಕಾದರು. ಜುಲೈ 20ರಂದು ವಿಶ್ವಸಂಸ್ಥೆ ದಕ್ಷಿಣ ಸೊಮಾಲಿಯಾದ ಎರಡು ಪ್ರದೇಶಗಳಲ್ಲಿ ಕ್ಷಾಮ ಘೋಷಿಸಿತು.

ಆ ನಕ್ಷೆ ಏನೆಂದು ನಾನು ಓದಿ ತಿಳಿದದ್ದು ಆಮೇಲೆ.

ಕ್ಷಾಮವನ್ನು ಮುಂಚೆಯೇ ಗುರುತಿಸುವ ಪ್ರಯತ್ನದ ಒಂದು ಬೇರು ನಮ್ಮ ನೆಲದಲ್ಲೇ ಇದೆ. 1876-78ರ ಬರವನ್ನು ನಮ್ಮ ಹಿರಿಯರು ಧಾತು-ಈಶ್ವರ ಕ್ಷಾಮ ಎಂದು ಸಂವತ್ಸರದ ಹೆಸರಿನಿಂದಲೇ ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50.5 ಲಕ್ಷ ಜನರಿದ್ದರು. 1881ರಲ್ಲಿ ಉಳಿದದ್ದು ಸುಮಾರು 41.9 ಲಕ್ಷ. ಆ ದುರಂತದ ನಂತರ 1880ರ ಕ್ಷಾಮ ಆಯೋಗ ವರದಿ ಕೊಟ್ಟಿತು, ಅದರಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ಧಾನ್ಯದ ಬೆಲೆ ಏರುತ್ತಿದೆಯೇ, ಜನ ಊರು ಬಿಟ್ಟು ಅಲೆಯುತ್ತಿದ್ದಾರೆಯೇ ಎಂದು ಅಧಿಕಾರಿಗಳು ಕಣ್ಣಿಟ್ಟಿರಬೇಕಿತ್ತು. ಸಾವು ಕಾಣಿಸುವ ಮೊದಲೇ ಲಕ್ಷಣ ಕಾಣಿಸುತ್ತದೆ ಎಂಬುದು ಅದರ ತಿರುಳು.

ಅದೇ ತಿರುಳು ನೂರು ವರ್ಷದ ಮೇಲೆ ಆಕಾಶಕ್ಕೆ ಏರಿತು. 1984ರ ಇಥಿಯೋಪಿಯಾದ ಕ್ಷಾಮವನ್ನು ಜಗತ್ತು ಟಿವಿಯಲ್ಲಿ ನೋಡಿದಾಗ ಬಹಳ ತಡವಾಗಿತ್ತು. 1985ರಲ್ಲಿ ಅಮೆರಿಕದ ಯುಎಸ್‌ಏಡ್ ಕ್ಷಾಮದ ಮುನ್ನೆಚ್ಚರಿಕೆಗೆ ಒಂದು ವ್ಯವಸ್ಥೆ ಕಟ್ಟಿತು. ಅದೇ ಇಂದಿನ ಫ್ಯೂಸ್ ನೆಟ್. ಹವಾಮಾನ ಉಪಗ್ರಹಗಳ ಚಿತ್ರದಿಂದ ನೆಲದ ಹಸಿರನ್ನು ಅಳೆಯುವ ವಿಧಾನವನ್ನು ನಾಸಾದ ಕಾಂಪ್ಟನ್ ಟಕರ್ ಬೆಳೆಸಿದ್ದರು. ಚೆನ್ನಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪನ್ನು ಹಿಂದಕ್ಕೆ ಎಸೆಯುತ್ತದೆ. ಬಾಡಿದ ಎಲೆಯಲ್ಲಿ ಈ ಎರಡರ ಅಂತರ ಕುಗ್ಗುತ್ತದೆ. ಈ ವರ್ಷದ ಹಸಿರನ್ನು ಹಿಂದಿನ ವರ್ಷಗಳ ಸರಾಸರಿಗೆ ಹೋಲಿಸಿದರೆ ಮಳೆ ಎಲ್ಲಿ ಕೈಕೊಟ್ಟಿದೆ ಎಂದು ಗೊತ್ತಾಗುತ್ತದೆ.

ಆದರೆ ಹಸಿರು ಒಣಗಿದ ಮಾತ್ರಕ್ಕೆ ಹಸಿವು ಎನ್ನಲಾಗದು. ಇಲ್ಲಿ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ನೆರವಿಗೆ ಬರುತ್ತದೆ. ಒಂದೇ ನಕ್ಷೆಯ ಮೇಲೆ ಪದರ ಪದರವಾಗಿ ಮಾಹಿತಿ ಹಾಸುತ್ತಾರೆ: ಮಳೆ, ಹಸಿರು, ಯಾರು ಬೇಸಾಯಗಾರರು, ಯಾರು ದನ-ಮೇಕೆ ಕಾಯುವವರು, ಒಂದು ಮೇಕೆ ಮಾರಿದರೆ ಎಷ್ಟು ಜೋಳ ಬರುತ್ತದೆ, ಮಕ್ಕಳ ತೋಳಿನ ಸುತ್ತಳತೆ ಎಷ್ಟು. ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಈ ಎಲ್ಲವನ್ನೂ ಐದು ಹಂತಗಳಲ್ಲಿ ಅಳೆಯುವ ಐಪಿಸಿ ಮಾಪನ ರೂಪುಗೊಂಡದ್ದು 2004ರಲ್ಲಿ, ಸೊಮಾಲಿಯಾದ ಕೆಲಸಕ್ಕಾಗಿಯೇ. ಕೊನೆಯ ಹಂತ ಕ್ಷಾಮ: ಶೇ 20 ಮನೆಗಳಲ್ಲಿ ಆಹಾರದ ತೀವ್ರ ಕೊರತೆ, ಶೇ 30 ಮಕ್ಕಳಲ್ಲಿ ಅಪೌಷ್ಟಿಕತೆ, ದಿನಕ್ಕೆ 10,000 ಜನರಲ್ಲಿ ಇಬ್ಬರ ಸಾವು. ಗಮನಿಸಿ, ಸಾವೂ ಆ ಮಾಪನದ ಒಂದು ಅಳತೆ.

ಸೊಮಾಲಿಯಾದ ಎಚ್ಚರಿಕೆಗಳು 2010ರಲ್ಲೇ ಶುರುವಾಗಿದ್ದವು. ವರ್ಷಾಂತ್ಯದ ಮಳೆ ಸೋತಿತು, ನಂತರ ಏಪ್ರಿಲ್‌ನ ಮಳೆಯೂ ಕೈಕೊಟ್ಟಿತು. ಅಂತರ್ಯುದ್ಧದಿಂದ ದಾರಿಗಳು ಮುಚ್ಚಿದ್ದವು. ಸಶಸ್ತ್ರ ಗುಂಪುಗಳ ಕೈಗೆ ಹಣ ಸಿಗಬಾರದೆಂದು ದಾನಿಗಳೂ ಹಿಂಜರಿದರು. ಕ್ಷಾಮ ಎಂಬ ಪದ ಕೇಳಿದ ಮೇಲೆಯೇ ಹಣ ಹರಿದದ್ದು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸತ್ತವರು ಸುಮಾರು 2,58,000. ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು.

ಬಿ.ಕಾಂ. ಮೊದಲ ವರ್ಷದಲ್ಲೇ ನಮಗೆ ಕಲಿಸಿದ್ದ ಪಾಠ ಒಂದಿದೆ: ಲಾಭವನ್ನು ಕೈಗೆ ಬಂದ ಮೇಲೆ ಬರೆ, ಬರಬಹುದಾದ ನಷ್ಟಕ್ಕೆ ಮೊದಲೇ ಮೀಸಲಿಡು. ಬರಬೇಕಾದ ಸಾಲ ಮುಳುಗುವ ಲಕ್ಷಣ ಕಂಡರೆ ಸಾಲಗಾರ ದಿವಾಳಿಯಾಗಲಿ ಎಂದು ಯಾವ ಲೆಕ್ಕಿಗನೂ ಕಾಯುವುದಿಲ್ಲ. ಹಣಕ್ಕೆ ಕೊಡುವ ಈ ಎಚ್ಚರವನ್ನು ನಾನು ಆ ಮಕ್ಕಳಿಗೆ ಕೊಡಲಿಲ್ಲ. ನನ್ನೊಬ್ಬನ ಷರಾದಿಂದ ಕ್ಷಾಮ ಬಂತು ಎನ್ನುವಷ್ಟು ಭ್ರಮೆ ನನಗಿಲ್ಲ. ಆದರೆ ಅಂಥ ಷರಾಗಳು ಎಲ್ಲೆಲ್ಲೂ ಇದ್ದವು. ಎಲ್ಲರೂ ನಿಯಮದ ಪ್ರಕಾರವೇ ತಡಮಾಡಿದೆವು.

2017ರಲ್ಲಿ ಅದೇ ಸೊಮಾಲಿಯಾದಲ್ಲಿ ಮತ್ತೆ ಮಳೆ ಸೋತಿತು. ಆ ಬಾರಿ ಎಚ್ಚರಿಕೆಯ ಬೆನ್ನಲ್ಲೇ ನೆರವು ಬಂತು, ಕ್ಷಾಮ ತಪ್ಪಿತು. ನಕ್ಷೆ ಎರಡು ಬಾರಿಯೂ ಹೇಳಿತ್ತು. ಎರಡನೆಯ ಸಲ ಕೇಳಿಸಿಕೊಂಡವರು ಹೆಚ್ಚಿದ್ದರು, ಅಷ್ಟೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಫ್ಯೂಸ್ ನೆಟ್ ಕೆಲವು ತಿಂಗಳು ಕಣ್ಣು ಮುಚ್ಚಿತು. ಆ ಸುದ್ದಿ ಓದಿದ ದಿನ ನನಗೆ ಹಳೆಯ ವೋಚರ್ ನೆನಪಾಯಿತು.

ಈಗಲೂ ತಪಾಸಣೆಯಲ್ಲಿ ಮೂರು ಕೊಟೇಶನ್ ಕೇಳುತ್ತೇನೆ; ಕೆಲಸವೇ ಅದು. ಆದರೆ ನಕ್ಷೆಯ ದಿನಾಂಕವನ್ನೂ ಖರೀದಿಯ ದಿನಾಂಕವನ್ನೂ ಪಕ್ಕಪಕ್ಕ ಬರೆದುಕೊಳ್ಳುತ್ತೇನೆ. ಅಂತರ ಹೆಚ್ಚಿದ್ದರೆ, ಇಷ್ಟು ತಡವಾದದ್ದು ಯಾಕೆ ಎಂದು ಷರಾ ಬರೆಯುತ್ತೇನೆ.