ಕಾಲ್ಕಾಜಿಯ ಕಿಂಡಿ

ಉಡುಪಿಯ ಕನಕನ ಕಿಂಡಿಯನ್ನು ಅರಿಯದ ಕನ್ನಡಿಗರು ವಿರಳ. ಗುಡಿಯೊಳಗೆ ಪ್ರವೇಶವಿಲ್ಲದ ಭಕ್ತನಿಗೆ ಗೋಡೆಯೇ ಬಿರಿದು ದರ್ಶನವಾಯಿತೆಂಬುದು ನಾವು ಬಾಲ್ಯದಿಂದ ಕೇಳಿಬಂದ ಐತಿಹ್ಯ. ನಾವು ಬಂದು ನೆಲೆಸಿರುವ ಈ ದೆಹಲಿಯಲ್ಲಿಯೂ ಒಂದು ಕಿಂಡಿ ತೆರೆದಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅಂತರ್ಜಾಲದಲ್ಲಿ ಹುಡುಕುವುದನ್ನು ಮಕ್ಕಳಿಗೆ ನಾವು ಕಲಿಸಬೇಕೆ, ಅಥವಾ ಅವರೇ ಕಲಿತುಕೊಳ್ಳುವರೆ? ಈ ಪ್ರಶ್ನೆಯನ್ನು ಎತ್ತಿಕೊಂಡವರು ಆ ಕಿಂಡಿಯ ಚರಿತ್ರೆಯನ್ನು ಒಮ್ಮೆ ನೋಡಬೇಕು.

ನಮ್ಮ ದೇಶದಲ್ಲಿ ಗಣಕಗಳ ಜಾಲ ಮೊದಲು ಹಬ್ಬಿದ್ದು ವಿದ್ವಾಂಸರ ನಡುವೆ. 1986ರಲ್ಲಿ ಆರಂಭವಾದ ‘ಅರ್ನೆಟ್’ ಯೋಜನೆಯಲ್ಲಿ ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಜನಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆದರೆ ಅದು ಹಣವುಳ್ಳವರ ಸೊತ್ತಾಗಿಯೇ ಉಳಿಯಿತು.

ಹೀಗಿರುವಾಗ 1999ರ ಜನವರಿ 26ರಂದು, ಕಾಲ್ಕಾಜಿಯ ಎನ್‌ಐಐಟಿ ಸಂಸ್ಥೆಯಲ್ಲಿದ್ದ ಸುಗತ ಮಿತ್ರ ಎಂಬ ವಿಜ್ಞಾನಿ ಒಂದು ವಿಚಿತ್ರ ಪ್ರಯೋಗ ಮಾಡಿದರು. ಕಚೇರಿಯ ಗೋಡೆಯಾಚೆ ಕೊಳೆಗೇರಿ. ಆ ಗೋಡೆಗೆ ರಂಧ್ರ ಕೊರೆದು, ಅಂತರ್ಜಾಲವಿದ್ದ ಒಂದು ಕಂಪ್ಯೂಟರನ್ನು ಬೀದಿಯ ಕಡೆಗೆ ಮುಖ ಮಾಡಿ ಕೂರಿಸಿದರು. ಗುರುವಿಲ್ಲ, ಪಾಠವಿಲ್ಲ. ಇಂಗ್ಲಿಷ್ ಸರಿಯಾಗಿ ಬಾರದ ಆ ಬೀದಿಯ ಮಕ್ಕಳು ಕೆಲವೇ ದಿನಗಳಲ್ಲಿ ಜಾಲದಲ್ಲಿ ಅಡ್ಡಾಡತೊಡಗಿದರು. ಪರದೆಯ ಮೇಲೆ ಓಡಾಡುವ ಬಾಣದ ಗುರುತಿಗೆ ‘ಸೂಯಿ’, ಅಂದರೆ ಸೂಜಿ ಎಂದು ಹೆಸರಿಟ್ಟರು. ಕಾಯಬೇಕೆಂದು ಸೂಚಿಸುವ ಮರಳು ಗಡಿಯಾರ ಅವರಿಗೆ ಶಿವನ ‘ಡಮರು’ವಾಯಿತು!

ಆ ವರ್ಷ ನಾನು ಹಾಸನದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿ. ಅಂತರ್ಜಾಲದ ಹೆಸರು ಕೇಳಿದ್ದೆನೇ ಹೊರತು ಅದನ್ನು ಕಣ್ಣಿನಿಂದ ಕಂಡಿರಲಿಲ್ಲ. ಕಾಲ್ಕಾಜಿಯ ಆ ಬಾಲಕರು ನನಗಿಂತ ಮುಂದಿದ್ದರು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ದೆಹಲಿಯ ಇಂಥ ಕಿಂಡಿಗಳನ್ನು ಕಂಡುಹೋದ ಮಾರ್ಕ್ ವಾರ್ಶೌವರ್ ಎಂಬ ಅಮೆರಿಕದ ವಿದ್ವಾಂಸರು 2002ರಲ್ಲಿ ಬೇರೆಯೇ ಚಿತ್ರವನ್ನು ಬರೆದರು. ಸಂಪರ್ಕ ಆಗಾಗ ಕೈಕೊಡುತ್ತಿತ್ತು, ಹಿಂದಿಯಲ್ಲಿ ಓದಲು ಏನೂ ಇರಲಿಲ್ಲ, ಮಕ್ಕಳು ಹೆಚ್ಚಾಗಿ ಆಟವಾಡುತ್ತ ಚಿತ್ರ ಗೀಚುತ್ತ ಕಾಲ ಕಳೆಯುತ್ತಿದ್ದರು ಎಂದರು. ಕಿಂಡಿ ತೆರೆದಿತ್ತು, ನಿಜ. ಅದರಾಚೆ ಏನನ್ನು ನೋಡಬೇಕೆಂದು ಹೇಳುವವರಿರಲಿಲ್ಲ.

ಮುಂದೆ ಮಿತ್ರರೇ ತಮಿಳು ಸೀಮೆಯ ಕಲಿಕುಪ್ಪಂ ಎಂಬ ಹಳ್ಳಿಯಲ್ಲಿ ಮತ್ತೊಂದು ಪರೀಕ್ಷೆ ನಡೆಸಿದರು. ಜೀವವಿಜ್ಞಾನದ ಕಠಿಣ ಪಾಠವನ್ನು ಮಕ್ಕಳು ತಾವಾಗಿಯೇ ಕಲಿತಾಗ ಅಂಕ ನೂರಕ್ಕೆ ಸುಮಾರು 30ಕ್ಕೆ ಬಂದು ನಿಂತಿತು. ಬಳಿಕ ಆ ವಿಷಯವನ್ನೇ ಅರಿಯದ ಒಬ್ಬ ಯುವತಿಯನ್ನು ಅವರ ಜೊತೆಗೆ ಬಿಟ್ಟರು. ಅಜ್ಜಿಯಂತೆ ಹಿಂದೆ ನಿಂತು “ಇದೇನು? ಹೇಗೆ ತಿಳಿಯಿತು?” ಎಂದು ಕೇಳಿ ಮೆಚ್ಚುವುದಷ್ಟೇ ಆಕೆಯ ಕೆಲಸ. ಅಂಕ 50ರ ಸುಮಾರಿಗೆ ಏರಿತು.

ಇದು ನನಗೆ ಮನದಟ್ಟಾದದ್ದು ನಮ್ಮ ಮನೆಯಲ್ಲೇ. ಎಂಟನೆಯ ತರಗತಿಯ ನನ್ನ ಮಗಳಿಗೆ ಕನ್ನಡದ ಅತಿ ಹಳೆಯ ಶಾಸನದ ಬಗ್ಗೆ ಬರೆಯಬೇಕಾಗಿತ್ತು. ಇಂಗ್ಲಿಷಿನಲ್ಲಿ ಹುಡುಕಿ, ಮೊದಲು ಕಂಡ ಸಾಲನ್ನೇ ಇಳಿಸಿಕೊಂಡಳು: ಹಲ್ಮಿಡಿ, ಸುಮಾರು ಕ್ರಿ.ಶ. 450. ಪಕ್ಕದಲ್ಲಿದ್ದ ನನ್ನ ತಾಯಿ, “ಯಾರು ಹೇಳಿದ್ದೇ ಅದನ್ನ?” ಎಂದರು.

“ಗೂಗಲ್, ಅಜ್ಜಿ.”

“ಅವನಿಗೆ ಯಾರು ಹೇಳಿದ್ರಂತೆ?”

ಮಗಳು ನಕ್ಕಳು, ಆದರೆ ನಾನು ನಗಲಾಗಲಿಲ್ಲ. ಕಚೇರಿಯಲ್ಲಿ ಹಳೆಯ ಕಡತ ಹುಡುಕುವುದು ನನ್ನ ನಿತ್ಯದ ಕೆಲಸ. ಹಿಂದಿದ್ದ ಗುಮಾಸ್ತ ಅದನ್ನು ಯಾವ ಶೀರ್ಷಿಕೆಯಡಿ ದಾಖಲಿಸಿದ್ದಾನೆಂದು ಊಹಿಸದಿದ್ದರೆ ಕಡತ ಸಿಗದು. ಸಿಕ್ಕರೂ ಸಹಿ ಯಾರದು, ತಾರೀಖು ಯಾವುದು ಎಂದು ನೋಡದೆ ಟಿಪ್ಪಣಿ ಬರೆಯುವಂತಿಲ್ಲ. ಅಂತರ್ಜಾಲದ ಹುಡುಕಾಟವೂ ಇಷ್ಟೇ. ಮೊದಲಿಗೆ ಕಂಡದ್ದು ಮೊದಲನೆಯ ಸತ್ಯವಲ್ಲ, ಜಾಹೀರಾತೂ ಇರಬಹುದು.

ಮಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಹುಡುಕಲು ಹೇಳಿದೆ. ತಡವರಿಸುತ್ತ ‘ಶಾಸನ’ ಎಂದು ಮೂಡಿಸಿದಳು. ಆಗ ಶಿವಮೊಗ್ಗ ಜಿಲ್ಲೆಯ ತಾಳಗುಂದ ಹೊರಬಂತು. ಅಲ್ಲಿಯ ಉತ್ಖನನದಲ್ಲಿ ದೊರೆತ ಶಾಸನ ಕ್ರಿ.ಶ. 370ರದೆಂದು ವಾದವಿದೆ. ಕೊನೆಗೆ ಅವಳು ಎರಡನ್ನೂ ಬರೆದು, ಯಾವುದನ್ನು ಎಲ್ಲಿ ಓದಿದೆನೆಂಬುದನ್ನೂ ಕೆಳಗೆ ಸೇರಿಸಿದಳು.

ಇಂದು ಆ ಕಿಂಡಿ ನಮ್ಮೆಲ್ಲರ ಮಕ್ಕಳ ಅಂಗೈಯಲ್ಲಿದೆ. ಬೆರಳಾಡಿಸುವುದನ್ನು ಅವರಿಗೆ ನಾವು ಕಲಿಸಬೇಕಾಗಿಲ್ಲ. ಕಾಲ್ಕಾಜಿಯ ಮಕ್ಕಳು ಅದನ್ನು ಅಂದೇ ತೋರಿಸಿಕೊಟ್ಟರು. ಕಲಿಸಬೇಕಾದದ್ದು ಪ್ರಶ್ನೆ ಕೇಳುವುದನ್ನು. ಜೊತೆಗೆ ಕನ್ನಡದ ಅಕ್ಷರಗಳನ್ನೂ ಕಲಿಸಬೇಕು. ಅವು ಬಾರದ ಮಗುವಿಗೆ ಕನ್ನಡದಲ್ಲಿ ಇರುವುದೆಲ್ಲ ಮುಚ್ಚಿದ ಗೋಡೆಯೇ ಸರಿ. ಊರಿನಿಂದ ಚಳಿಗಾಲ ಕಳೆದ ಮೇಲೆ ಬರುವ ಅಜ್ಜಿ ತಾತಂದಿರನ್ನು ಮೊಮ್ಮಕ್ಕಳ ಪಕ್ಕದಲ್ಲಿ ಅರ್ಧ ಗಂಟೆ ಕೂರಿಸೋಣ. ಅವರಿಗೆ ಕಂಪ್ಯೂಟರ್ ಬಾರದಿದ್ದರೂ ಚಿಂತೆಯಿಲ್ಲ. “ಯಾರು ಹೇಳಿದ್ದು?” ಎಂದು ಕೇಳಲು ಬಂದರೆ ಸಾಕು.