ತಾಯಿಯ ತಲೆಗೆ ಕಟ್ಟಿದ ತಪ್ಪು

ನನ್ನ ತಂಗಿಯ ಮಗ ಮೂರು ವರ್ಷ ತುಂಬಿದರೂ ಮಾತಾಡಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಪಾತ್ರೆಯ ಮುಚ್ಚಳವನ್ನು ಬುಗುರಿಯಂತೆ ತಿರುಗಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದ. 'ಗಂಡುಮಕ್ಕಳಿಗೆ ಮಾತು ತಡ' ಎಂದು ಅಮ್ಮ ಸಮಾಧಾನ ಹೇಳಿದರು. ನಾನಾದರೋ ಬಿ.ಎಡ್. ತರಗತಿಯಲ್ಲಿ ನಾಲ್ಕು ಪುಟ ಮನಶ್ಶಾಸ್ತ್ರ ಓದಿದ ಜಂಬದಲ್ಲಿ, 'ನೀನು ಬ್ಯಾಂಕು ಬ್ಯಾಂಕು ಅಂತ ಓಡ್ತೀಯ. ಮಗು ಯಾರ ಹತ್ತಿರ ಮಾತು ಕಲೀಬೇಕು?' ಎಂದುಬಿಟ್ಟೆ. ಅವಳು ಉತ್ತರ ಕೊಡಲಿಲ್ಲ. ಆಮೇಲೆ ಮದುವೆ ಮುಂಜಿಗಳಿಗೆ ಮಗುವನ್ನು ಕರೆತರುವುದನ್ನೇ ಬಿಟ್ಟಳು. ನಾವೂ ಕೇಳಲಿಲ್ಲ.

ಅವನಿಗಿರುವುದು ಆಟಿಸಂ ಎಂದು ತಿಳಿದ ಮೇಲೆ ಅದರ ಚರಿತ್ರೆಯನ್ನು ಓದತೊಡಗಿದೆ. ನಾನಾಡಿದ ಮಾತಿಗೆ ಒಂದು ವಂಶಾವಳಿಯೇ ಇದೆಯೆಂದು ಆಗ ಗೊತ್ತಾಯಿತು.

1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಕುರಿತು ಲೇಖನವೊಂದನ್ನು ಪ್ರಕಟಿಸಿದರು. ಅವರಲ್ಲಿ ಮೊದಲನೆಯವನು ಮಿಸಿಸಿಪ್ಪಿಯ ಡೊನಾಲ್ಡ್ ಟ್ರಿಪ್ಲೆಟ್. ಅವನೂ ದುಂಡಗಿನ ವಸ್ತು ಸಿಕ್ಕರೆ ತಿರುಗಿಸುತ್ತ ಕೂರುತ್ತಿದ್ದನಂತೆ! ವೈದ್ಯರ ಮಾತು ಕೇಳಿ ಅವನನ್ನು ದೂರದ ಸಂಸ್ಥೆಯೊಂದರಲ್ಲಿ ಬಿಟ್ಟಿದ್ದ ತಂದೆತಾಯಿ ಕೊನೆಗೆ ಮನೆಗೇ ಕರೆತಂದರು. ಮಗನ ಬಗ್ಗೆ ತಂದೆ ಕ್ಯಾನರ್‌ಗೆ 33 ಪುಟಗಳ ಕಾಗದ ಬರೆದಿದ್ದರು. ಮುಂದೆ ಡೊನಾಲ್ಡ್ ಪದವಿ ಪಡೆದು, ಬ್ಯಾಂಕಿನಲ್ಲಿ ದುಡಿದು, ದೇಶ ವಿದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದು ಹುಟ್ಟಿನಿಂದ ಬಂದದ್ದು ಎಂದ ಕ್ಯಾನರ್ ಅವರೇ, ಈ ಮಕ್ಕಳ ತಂದೆತಾಯಿಯರ ಪ್ರೀತಿಯಲ್ಲಿ ಬಿಸುಪಿಲ್ಲವೆಂದೂ ಬರೆದರು. ಅದನ್ನೇ ಹಿಡಿದು 'ರೆಫ್ರಿಜರೇಟರ್ ತಾಯಿ' ಎಂಬ ಹೆಸರು ಹುಟ್ಟಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ತಮ್ಮ ಪುಸ್ತಕದಲ್ಲಿ ಆ ಆರೋಪವನ್ನು ಇನ್ನಷ್ಟು ಗಟ್ಟಿಮಾಡಿದರು. ಮಗುವಿನ ಸಂಗತಿ ಹೇಳಿದರೆ ತನ್ನ ತಪ್ಪನ್ನೇ ಒಪ್ಪಿಕೊಂಡಂತೆ ಎಂದಾದಾಗ ಯಾವ ತಾಯಿ ತಾನೇ ಬಾಯಿ ಬಿಟ್ಟಾಳು?

ಆದರೂ ಬಾಯಿ ಬಿಟ್ಟವರು ತಂದೆತಾಯಿಗಳೇ. ಆಟಿಸಂ ಇದ್ದ ಮಗನ ತಂದೆ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು, ಇದಕ್ಕೆ ಕಾರಣ ದೇಹದಲ್ಲಿದೆ, ತಾಯಿಯ ಮಮತೆಯಲ್ಲಲ್ಲ ಎಂದು ವಾದಿಸಿದರು. ಮರುವರ್ಷ ಅವರೂ ರೂತ್ ಸಲಿವನ್ ಮುಂತಾದ ಹೆತ್ತವರೂ ಸೇರಿ ಸಂಘ ಕಟ್ಟಿದರು. ಕ್ಲಾರಾ ಪಾರ್ಕ್ 1967ರಲ್ಲಿ ತಮ್ಮ ಮಗಳ ಕಥೆಯನ್ನು ಮುಚ್ಚುಮರೆಯಿಲ್ಲದೆ ಬರೆದರು. 1969ರಲ್ಲಿ ಅದೇ ಸಂಘದ ಸಭೆಗೆ ಬಂದ ಕ್ಯಾನರ್, ಹೆತ್ತವರನ್ನು ಆರೋಪದಿಂದ ಮುಕ್ತಗೊಳಿಸಿದ್ದೇನೆಂದು ಎಲ್ಲರೆದುರು ಹೇಳಿದರು. ನಮ್ಮ ದೇಶದಲ್ಲೂ 1991ರಲ್ಲಿ ದೆಹಲಿಯಲ್ಲಿ ಆಕ್ಷನ್ ಫಾರ್ ಆಟಿಸಂ ಸಂಸ್ಥೆಯನ್ನು ಆರಂಭಿಸಿದ ಮೆರಿ ಬರುವಾ ಒಬ್ಬ ತಾಯಿಯೇ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲೂ ಆಟಿಸಂ ಹೆಸರಿಸಲ್ಪಟ್ಟಿದೆ.

ಇಷ್ಟೆಲ್ಲ ಓದಿ ಒಂದು ಮಧ್ಯಾಹ್ನ ತಂಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಹುರುಳಿಕಾಯಿ ಸೋಸುತ್ತಲೇ, 'ನೀನು ಒಂದು ಸಲ ಅಂದೆ ಅಕ್ಕಾ. ನಾನು ದಿನಾ ಅಂದುಕೊಳ್ತಿದ್ದೆ' ಎಂದಳು.

ಕಳೆದ ವರ್ಷ ನನ್ನ ಮಗಳ ಮದುವೆಗೆ ಅವನು ಬಂದ. ಅವನಿಗೆ ಆಟಿಸಂ ಇದೆ, ಜೋರು ಸದ್ದು ಆಗದು ಎಂದು ತಂಗಿಯೇ ಬೀಗರಿಗೆ ಮೊದಲೇ ಹೇಳಿದ್ದಳು. ವಾಲಗದವರಿಂದ ದೂರ, ಬಾಗಿಲ ಪಕ್ಕ ಅವನಿಗೊಂದು ಕುರ್ಚಿ ಹಾಕಿಸಿದ್ದೆವು. ಊಟದ ಪಂಕ್ತಿಯಲ್ಲಿ ಅವನು ನನ್ನ ಪಕ್ಕವೇ ಕೂತು ಎರಡು ಹೋಳಿಗೆ ತಿಂದ.