ಪುಟ್ಟ ಪೆಟ್ಟಿಗೆ, ದೊಡ್ಡ ಹಸಿವು

ಕುಡಿಯುವ ನೀರು ತುಂಬಿಸುವ 20 ಲೀಟರಿನ ಕ್ಯಾನು ಎಲ್ಲರಿಗೂ ಪರಿಚಿತ. ಅಷ್ಟೇ ಜಾಗದೊಳಗೆ ದೊಡ್ಡ ದೊಡ್ಡ ಆಟಗಳನ್ನು ಸಲೀಸಾಗಿ ಓಡಿಸುವ ಒಂದು ಕಂಪ್ಯೂಟರನ್ನು ಹಿಡಿಸಬಹುದು ಎಂದರೆ ಅಚ್ಚರಿಯಾಗಬಹುದು. ಹಾಗೆ ಜೋಡಿಸುವುದೇ ಇಂದು ಅನೇಕ ಯುವಕರ ಹವ್ಯಾಸ. ಪೆಟ್ಟಿಗೆಯ ಗಾತ್ರವನ್ನು ಅವರು ಅಳೆಯುವುದೂ ಲೀಟರಿನಲ್ಲೇ. ಮೇಜಿನ ಕೆಳಗೆ ನಿಲ್ಲಿಸುವ ಮಾಮೂಲು ಡಬ್ಬಿ 40-50 ಲೀಟರಿನಷ್ಟಿದ್ದರೆ, 20 ಲೀಟರಿಗಿಂತ ಕಡಿಮೆ ಇರುವುದು ಅವರ ಲೆಕ್ಕದಲ್ಲಿ ಪುಟ್ಟ ಪೆಟ್ಟಿಗೆ.

ಕಲಬುರಗಿ ಜಿಲ್ಲೆಯ ಇಜೇರಿಯಂತಹ ಊರಿನ ಹುಡುಗನಿಗೂ ಈ ಆಸೆ ಹುಟ್ಟಬಹುದು. ತೊಗರಿಯ ಸುಗ್ಗಿ ಮುಗಿದ ಮೇಲೆ ಅಪ್ಪನನ್ನು ಒಪ್ಪಿಸಿ ಅವನು ಕಲಬುರಗಿಯ ಅಂಗಡಿಗೋ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೋ, ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೊರಡುತ್ತಾನೆ. ಕೈಯಲ್ಲೊಂದು ಚೀಟಿ. ಅದರಲ್ಲಿ ಮೊದಲು ಗ್ರಾಫಿಕ್ಸ್ ಕಾರ್ಡ್, ನಂತರ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಡಬ್ಬಿ. ಕಟ್ಟಕಡೆಗೆ, ಉಳಿದ ದುಡ್ಡಿನಲ್ಲಿ ಬಂದಷ್ಟು ಬರಲಿ ಎಂಬಂತೆ, 'ಒಂದು ಎಸ್‌ಎಂಪಿಎಸ್'.

ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ರೂಪಕ್ಕೆ ತರುವ ತಗಡಿನ ಡಬ್ಬಿಗೆ ನಮ್ಮ ರಿಪೇರಿಯವರೆಲ್ಲ ಕರೆಯುವ ಹೆಸರು ಅದು. ಚೀಟಿಯನ್ನು ಬುಡದಿಂದ ಮೇಲಕ್ಕೆ ಓದಬೇಕು ಎನ್ನುತ್ತದೆ ವಿದ್ಯುತ್ತಿನ ಇತಿಹಾಸ. ಆ ಇತಿಹಾಸದ ಎರಡು ಮುಖ್ಯ ಪಾಠಗಳು ನಮ್ಮ ಕಾವೇರಿಯ ದಡದಲ್ಲೇ ಸಿಗುತ್ತವೆ.

ಶಿವನಸಮುದ್ರದ ಪಾಠ

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಈ ಯೋಜನೆಗೆ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ದುಡಿಮೆ ಇತ್ತು. ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿ ದೀಪಗಳೂ ಇದೇ ವಿದ್ಯುತ್ತಿನಿಂದ ಬೆಳಗಿದವು.

ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ್ದು ಹೇಗೆ? ತಂತಿಯಲ್ಲಿ ಹರಿಯುವ ಪ್ರವಾಹ ಎರಡು ಪಟ್ಟಾದರೆ ಅದರಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ವೋಲ್ಟೇಜನ್ನು ಏರಿಸಿದರೆ ಅಷ್ಟೇ ಶಕ್ತಿಯನ್ನು ಕಡಿಮೆ ಪ್ರವಾಹದಲ್ಲಿ ಒಯ್ಯಬಹುದು. ಅದಕ್ಕೆಂದೇ 30 ಸಾವಿರ ವೋಲ್ಟಿನ ಆಸುಪಾಸಿಗೆ ಏರಿಸಿ ಕಳುಹಿಸಿ, ಗಣಿಯ ಬಳಿ ಮತ್ತೆ ಇಳಿಸಿಕೊಂಡರು. ಇದು ಮೊದಲನೆಯ ಪಾಠ.

ಎರಡನೆಯದು ಆವರ್ತಕ್ಕೆ ಸಂಬಂಧಿಸಿದ್ದು. ಇಂದು ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ತೂಗುತ್ತದೆ. ಅಂದಿನ ಶಿವನಸಮುದ್ರದ್ದು, ಅಮೆರಿಕದ ನಯಾಗರಾದಂತೆಯೇ, ಕೇವಲ 25 ಆವರ್ತ. ನಿಧಾನವಾಗಿ ತಿರುಗುವ ಭಾರಿ ಯಂತ್ರಗಳಿಗೆ ಅದು ಹೊಂದುತ್ತಿತ್ತು. ಆದರೆ ಆವರ್ತ ಕಡಿಮೆಯಾದಷ್ಟೂ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಹೆಚ್ಚಬೇಕು. ಈ ಮಾತು ನೆನಪಿನಲ್ಲಿರಲಿ. ಪುಟ್ಟ ಕಂಪ್ಯೂಟರಿನ ಗುಟ್ಟು ಇಲ್ಲಿಯೇ ಅಡಗಿದೆ.

ಇಜೇರಿಗೂ ಆ ಬೆಳಕಿಗೂ ಅಂದು ನಂಟಿರಲಿಲ್ಲ. ಆ ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಕಣ್ತೆರೆದದ್ದು 1920ರಲ್ಲಿ. 1956ರಲ್ಲಿ ಕಲಬುರಗಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1985ರಲ್ಲಿ ರಾಯಚೂರಿನ ಶಕ್ತಿನಗರದ ಉಷ್ಣ ಸ್ಥಾವರದ ಮೊದಲ ಘಟಕ ಆರಂಭವಾಯಿತು. ವಿದ್ಯುತ್ತಿನ ವಿಚಾರದಲ್ಲಿ ರಾಜ್ಯದ ದಕ್ಷಿಣಕ್ಕೂ ಈ ಭಾಗಕ್ಕೂ ಇದ್ದ ಕಾಲದ ಅಂತರ ಇಷ್ಟು.

ಕೊಡ ಮತ್ತು ಚರಿಗೆ

1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಎಂಬ ಕಂಪ್ಯೂಟರಿನಲ್ಲಿ ಸುಮಾರು 18 ಸಾವಿರ ವಾಲ್ವುಗಳಿದ್ದವು. ಅದು ನುಂಗುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವಾಟ್. ವಾಲ್ವಿನ ಜಾಗಕ್ಕೆ ಟ್ರಾನ್ಸಿಸ್ಟರ್, ಆಮೇಲೆ ಚಿಪ್ಪು ಬಂದು ಲೆಕ್ಕ ಹಾಕುವ ಭಾಗವೇನೋ ಅಂಗೈಯಷ್ಟಾಯಿತು. ಅದಕ್ಕೆ ವಿದ್ಯುತ್ತು ಉಣಿಸುವ ಭಾಗ ಮಾತ್ರ ಬಹುಕಾಲ ಭಾರವಾಗಿಯೇ ಉಳಿಯಿತು. ಕಬ್ಬಿಣದ ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಇಳಿಸುವುದು, ಹೆಚ್ಚಾದದ್ದನ್ನು ಶಾಖವಾಗಿ ಸುಟ್ಟುಬಿಡುವುದು ಅಂದಿನ ಕ್ರಮ.

ಬಾವಿಯಿಂದ ತೊಟ್ಟಿಗೆ ನೀರು ತುಂಬಿಸುವುದನ್ನು ನೆನೆಯಿರಿ. ಗಂಟೆಗೆ ಎರಡೇ ಸಲ ಹೋಗಿ ಬರುವವನಿಗೆ ದೊಡ್ಡ ಕೊಡ ಬೇಕು. ನಿಮಿಷಕ್ಕೆ ಹತ್ತು ಸಲ ಓಡಾಡಬಲ್ಲವನಿಗೆ ಒಂದು ಚರಿಗೆ ಸಾಕು. ಎರಡರಿಂದಲೂ ತೊಟ್ಟಿ ತುಂಬುತ್ತದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣವೂ ಹೀಗೆಯೇ. ಪ್ರತಿ ಆವರ್ತಕ್ಕೂ ಅದು ಒಂದಿಷ್ಟು ಶಕ್ತಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುತ್ತದೆ. ಸೆಕೆಂಡಿಗೆ 25 ಸಲವಾದರೆ ಹಂಡೆ ಬೇಕು, 50 ಸಲವಾದರೆ ಕೊಡ ಬೇಕು. ಸೆಕೆಂಡಿಗೆ ಲಕ್ಷ ಸಲ ಓಡಾಡಿಸಿದರೆ ಬೆಂಕಿಪೊಟ್ಟಣದ ಗಾತ್ರದ ಟ್ರಾನ್ಸ್‌ಫಾರ್ಮರು ನೂರಾರು ವಾಟ್ ದಾಟಿಸುತ್ತದೆ.

ಗೋಡೆಯ ವಿದ್ಯುತ್ತನ್ನು ಮೊದಲು ಏಕಮುಖಿಯಾಗಿಸಿ, ಟ್ರಾನ್ಸಿಸ್ಟರಿನಿಂದ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸುವ ಈ ವಿಧಾನವೇ ಎಸ್‌ಎಂಪಿಎಸ್. ಬಾಹ್ಯಾಕಾಶದಂತಹ, ತೂಕವೇ ದುಬಾರಿಯಾದ ಕ್ಷೇತ್ರಗಳಲ್ಲಿ 1960ರ ದಶಕದಲ್ಲಿಯೇ ಇದರ ಬಳಕೆ ಇತ್ತು. 1977ರ ಆಪಲ್ 2 ಕಂಪ್ಯೂಟರಿಗಾಗಿ ರಾಡ್ ಹೋಲ್ಟ್ ಎಂಬ ಎಂಜಿನಿಯರ್ ರೂಪಿಸಿದ 38 ವಾಟಿನ ಡಬ್ಬಿಯಿಂದ ಅದು ಮನೆಯ ಮೇಜಿಗೂ ಬಂದಿತು. ಅದಕ್ಕೆ ಫ್ಯಾನಿನ ಅಗತ್ಯವೂ ಇರಲಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಇದ್ದದ್ದು 63.5 ವಾಟಿನ ಡಬ್ಬಿ. 1984ರ ಪಿಸಿ ಎಟಿಯಲ್ಲಿ 192 ವಾಟಿನದು.

ಹಳೆಯ ಎಸ್‌ಎಂಪಿಎಸ್‌ಗಳ ಬೆನ್ನಿನಲ್ಲಿ ಒಂದು ಕೆಂಪು ಸ್ವಿಚ್ ಇರುತ್ತಿತ್ತು. ಒಂದು ಕಡೆ 115, ಇನ್ನೊಂದು ಕಡೆ 230. ಪತ್ರಿಕೋದ್ಯಮ ಡಿಪ್ಲೊಮಾ ಓದುತ್ತಿದ್ದಾಗ ನಮ್ಮ ಲ್ಯಾಬಿನ ಹಳೆಯ ಯಂತ್ರವೊಂದರ ಈ ಸ್ವಿಚ್ಚನ್ನು ಕುತೂಹಲಕ್ಕೆಂದು ಸರಿಸಿದವನು ನಾನೇ. ಮರುದಿನ ಯಾರೋ ಯಂತ್ರ ಚಾಲೂ ಮಾಡಿದರು. ಪಟಾಕಿ ಸಿಡಿದಂತಹ ಶಬ್ದ, ಸುಟ್ಟ ವಾಸನೆ. 115ರ ಕಡೆಗೆ ಇಟ್ಟಾಗ ಆ ಡಬ್ಬಿ ಬಂದ ವೋಲ್ಟೇಜನ್ನು ಒಳಗೆ ಇಮ್ಮಡಿಗೊಳಿಸಿಕೊಳ್ಳುತ್ತದೆ. ನಮ್ಮ 230 ವೋಲ್ಟನ್ನೂ ಇಮ್ಮಡಿಗೊಳಿಸಲು ಹೋಗಿ ಅದರ ಕೆಪಾಸಿಟರುಗಳು ಸಿಡಿದವು ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ನಂತರ. ಇಂದಿನ ಒಳ್ಳೆಯ ಡಬ್ಬಿಗಳು 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ. ಆ ಸ್ವಿಚ್ ಇರುವ ಡಬ್ಬಿಯನ್ನು ಇಂದು ಯಾರಾದರೂ ಹೊಸದೆಂದು ಕೊಟ್ಟರೆ ಕೊಳ್ಳದಿರುವುದೇ ಮೇಲು.

ಐದರಿಂದ ಹನ್ನೆರಡಕ್ಕೆ

1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಪಡಿಸಿತು. ಅಂದಿನ ಪ್ರೊಸೆಸರುಗಳಿಗೆ ಶಕ್ತಿ ಹೆಚ್ಚಾಗಿ 5 ವೋಲ್ಟಿನ ತಂತಿಯಿಂದಲೇ ಹೋಗುತ್ತಿತ್ತು. ಪ್ರೊಸೆಸರಿನ ಹಸಿವು ಹೆಚ್ಚಿದಂತೆ ಶಿವನಸಮುದ್ರದ ಮೊದಲನೆಯ ಪಾಠ ಪೆಟ್ಟಿಗೆಯೊಳಗೂ ಎದುರಾಯಿತು. 100 ವಾಟನ್ನು 5 ವೋಲ್ಟಿನಲ್ಲಿ ಕಳುಹಿಸಲು 20 ಆಂಪಿಯರ್ ಬೇಕು. 12 ವೋಲ್ಟಿನಲ್ಲಾದರೆ ಎಂಟು ಚಿಲ್ಲರೆ ಸಾಕು. 2000ದಲ್ಲಿ ಪೆಂಟಿಯಂ 4ರ ಜೊತೆಗೆ ಪ್ರೊಸೆಸರಿಗೆಂದೇ ಪ್ರತ್ಯೇಕವಾದ 12 ವೋಲ್ಟಿನ ಕೊಂಡಿ ಬಂದದ್ದು ಇದೇ ಕಾರಣಕ್ಕೆ.

ಆದರೂ ಹಸಿವು ನಿಲ್ಲಲಿಲ್ಲ. 2022ರಲ್ಲಿ ಬಂದ ದೊಡ್ಡ ಗ್ರಾಫಿಕ್ಸ್ ಕಾರ್ಡುಗಳಿಗೆ ಒಂದೇ ಪುಟ್ಟ ಕೊಂಡಿಯ ಮೂಲಕ 600 ವಾಟಿನವರೆಗೆ ಕೊಡುವ ಏರ್ಪಾಡಾಯಿತು. 12 ವೋಲ್ಟಿನಲ್ಲಿ 600 ವಾಟ್ ಎಂದರೆ 50 ಆಂಪಿಯರ್. ಕೊಂಡಿ ಪೂರ್ತಿ ಕೂರದ ಕಡೆ ಅದು ಕಾದು ಪ್ಲಾಸ್ಟಿಕ್ ಕರಗಿದ ಪ್ರಕರಣಗಳು ಅನೇಕ ದೇಶಗಳಿಂದ ವರದಿಯಾದವು. ಮರುವರ್ಷ ಕೊಂಡಿಯ ವಿನ್ಯಾಸವನ್ನು ತಿದ್ದಬೇಕಾಯಿತು. ಪುಟ್ಟ ಪೆಟ್ಟಿಗೆಯಲ್ಲಿ ವೈರುಗಳನ್ನು ಮಡಚಿ ಒತ್ತಿ ತುರುಕುವವರು ಇದನ್ನು ಮರೆಯಬಾರದು.

ಪೆಟ್ಟಿಗೆ ಕಿರಿದಾದ ಕಥೆಯೂ ಇದರ ಜೊತೆಜೊತೆಗೇ ನಡೆಯಿತು. 1997ರಲ್ಲಿ ಎಸ್‌ಎಫ್‌ಎಕ್ಸ್ ಎಂಬ ಕಿರಿಯ ಅಳತೆಯ ವಿದ್ಯುತ್ ಡಬ್ಬಿ ಬಂದಿತು. 2001ರಲ್ಲಿ ತೈವಾನಿನ ವಯಾ ಕಂಪನಿ 17 ಸೆಂಟಿಮೀಟರ್ ಚದರದ ಮಿನಿ ಐಟಿಎಕ್ಸ್ ಮದರ್‌ಬೋರ್ಡನ್ನು ಪ್ರಕಟಿಸಿತು. ಎಟಿಎಕ್ಸ್ ಡಬ್ಬಿ ಸುಮಾರು 1.8 ಲೀಟರ್ ಜಾಗ ಹಿಡಿದರೆ, ಎಸ್‌ಎಫ್‌ಎಕ್ಸ್ ಡಬ್ಬಿಗೆ 0.8 ಲೀಟರ್ ಸಾಕು.

ಅದೇ 2001ರಲ್ಲಿ ಬೆಂಗಳೂರು ಇನ್ನೊಂದು ದಾರಿಯನ್ನು ತೋರಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಕೂಡಿ ರೂಪಿಸಿದ, ಕೈಯಲ್ಲಿ ಹಿಡಿಯುವ ಸಿಂಪ್ಯೂಟರ್ ಪುಟ್ಟ ಸೆಲ್ಲುಗಳಿಂದಲೇ ನಡೆಯುತ್ತಿತ್ತು. ಹಳ್ಳಿಯ ಜನರಿಗೆಂದು ಮಾಡುವ ಯಂತ್ರ ಕೈಕೊಡುವ ಕರೆಂಟನ್ನು ನೆಚ್ಚಿ ಕೂರುವಂತಿರಬಾರದು ಎಂಬ ಎಚ್ಚರ ಅದರಲ್ಲಿತ್ತು. ನಿರೀಕ್ಷಿಸಿದಷ್ಟು ಅದು ಮಾರಾಟವಾಗಲಿಲ್ಲ. ಆದರೆ ಎಷ್ಟು ವಿದ್ಯುತ್ತು ಸಿಗುತ್ತದೆ ಎಂಬುದನ್ನು ಮೊದಲು ನೋಡಿ, ಯಂತ್ರವನ್ನು ಆಮೇಲೆ ರೂಪಿಸಿದ ಆ ಕ್ರಮ ಮಾತ್ರ ಇಂದಿಗೂ ಸರಿಯಾದದ್ದು.

ಇಜೇರಿಯ ಲೆಕ್ಕ

ಈಗ ನಮ್ಮ ಹುಡುಗನ ಚೀಟಿಗೆ ಬರೋಣ. ಪ್ರೊಸೆಸರಿನ ಮೇಲೆ 65 ವಾಟ್ ಎಂದು ಬರೆದಿರುತ್ತದೆ. ಪೂರ್ಣ ದುಡಿಮೆಯಲ್ಲಿ ಅದು 90 ವಾಟಿನ ಸಮೀಪ ಹೋಗಬಹುದು. ಆರ್‌ಟಿಎಕ್ಸ್ 4060ರಂತಹ ಮಧ್ಯಮ ಕಾರ್ಡಿಗೆ 115 ವಾಟ್. ಬೋರ್ಡು, ರ‍್ಯಾಮ್, ಡಿಸ್ಕು, ಫ್ಯಾನುಗಳಿಗೆ 50 ಎಂದುಕೊಳ್ಳೋಣ. ಒಟ್ಟು 255. ಕಾರ್ಡುಗಳು ಕ್ಷಣಮಾತ್ರ ಹೇಳಿದ್ದಕ್ಕಿಂತ ಬಹಳ ಹೆಚ್ಚು ಎಳೆಯುವುದುಂಟು; ಡಬ್ಬಿ ಅರ್ಧ ಹೊರೆಯಲ್ಲಿದ್ದಾಗ ಹೆಚ್ಚು ದಕ್ಷವಾಗಿಯೂ ದುಡಿಯುತ್ತದೆ. ಆದುದರಿಂದ 450ರಿಂದ 550 ವಾಟಿನ ಒಳ್ಳೆಯ ಎಸ್‌ಎಫ್‌ಎಕ್ಸ್ ಡಬ್ಬಿ ಸಾಕು. ಇದರ ಬದಲು 575 ವಾಟ್ ಬೇಡುವ ಆರ್‌ಟಿಎಕ್ಸ್ 5090ಕ್ಕೆ ಆಸೆಪಟ್ಟರೆ ಸಾವಿರ ವಾಟಿನ ಡಬ್ಬಿ, ಅಷ್ಟು ಶಾಖವನ್ನು ಹೊರದೂಡುವ ಫ್ಯಾನುಗಳು, ಅವುಗಳಿಗೆ ಜಾಗ ಎಲ್ಲವೂ ಬೇಕಾಗುತ್ತದೆ.

ದಕ್ಷತೆ ಎಂಬುದು ಬರಿಯ ಜಾಹೀರಾತಿನ ಮಾತೇನೂ ಅಲ್ಲ. 255 ವಾಟ್ ಕೊಡಲು ಶೇ 80ರ ಡಬ್ಬಿ ಗೋಡೆಯಿಂದ ಸುಮಾರು 319 ವಾಟ್ ಎಳೆಯುತ್ತದೆ, ಶೇ 90ರದ್ದು 283 ವಾಟ್. ನಡುವಿನ 36 ವಾಟ್ ಪೂರ್ತಿ ಶಾಖವಾಗಿ ಆ ಪುಟ್ಟ ಪೆಟ್ಟಿಗೆಯಲ್ಲೇ ಹುಟ್ಟುತ್ತದೆ. ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಡಬ್ಬಿಯೊಳಗಿನ ಕೆಪಾಸಿಟರುಗಳ ಆಯುಸ್ಸು ಶಾಖ ಏರಿದಷ್ಟೂ ಇಳಿಯುತ್ತದೆ. 2004ರಲ್ಲಿ ಆರಂಭವಾದ '80 ಪ್ಲಸ್' ಎಂಬ ಗುರುತು ಈ ದಕ್ಷತೆಯನ್ನು ತಿಳಿಸುತ್ತದೆ. ಕೊಳ್ಳುವ ಮೊದಲು ಡಬ್ಬಿಯ ಮೇಲಿನ ಚೀಟಿಯಲ್ಲಿ 12 ವೋಲ್ಟಿನ ಸಾಲಿನ ಎದುರು ಎಷ್ಟು ಆಂಪಿಯರ್ ಎಂದಿದೆ ನೋಡಿ ಅದನ್ನು 12ರಿಂದ ಗುಣಿಸಬೇಕು. ದೊಡ್ಡ ಅಕ್ಷರದ ವಾಟಿಗೂ ಈ ಗುಣಲಬ್ಧಕ್ಕೂ ಬಹಳ ಅಂತರವಿದ್ದರೆ ಅದನ್ನು ಅಲ್ಲೇ ಬಿಟ್ಟು ಬರುವುದು ಲೇಸು.

ಇನ್ನೊಂದು ಮಾತು ಅರ್ಥಿಂಗಿನದು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕಂಪ್ಯೂಟರಿನ ತಗಡನ್ನು ಮುಟ್ಟಿದರೆ ಕೈ ಜುಂ ಎನ್ನುತ್ತದೆ. ಎಸ್‌ಎಂಪಿಎಸ್ ತನ್ನೊಳಗಿನ ವಿದ್ಯುತ್ ಗದ್ದಲವನ್ನು ಭೂಮಿಗೆ ಇಳಿಸಲು ಇಟ್ಟಿರುವ ದಾರಿ ಭೂಮಿಯನ್ನು ಮುಟ್ಟದೆ ತಗಡಿನಲ್ಲೇ ನಿಲ್ಲುವುದು ಇದಕ್ಕೆ ಕಾರಣ. ಎರೆಮಣ್ಣು ಮಳೆಗಾಲದಲ್ಲಿ ತೇವ ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅರ್ಥಿಂಗಿನ ಗುಂಡಿಗೆ ಆಗಾಗ ನೀರು ಹಾಕಬೇಕು ಎಂದು ಹಿರಿಯರು ಹೇಳುವುದರಲ್ಲಿ ಅರ್ಥವಿದೆ. ಯುಪಿಎಸ್ ಕೊಳ್ಳುವಾಗಲೂ ಎಚ್ಚರ ಬೇಕು: 600 ವಿಎ ಎಂದು ಬರೆದದ್ದರಿಂದ ಸಾಮಾನ್ಯವಾಗಿ ಸಿಗುವುದು 360 ವಾಟ್ ಮಾತ್ರ.

ಕಾರ್ಡು ಹಳತಾದರೆ ಆಟ ತುಸು ನಿಧಾನವಾದೀತು. ಅಗ್ಗದ ಎಸ್‌ಎಂಪಿಎಸ್ ಕೆಟ್ಟರೆ ಒಮ್ಮೊಮ್ಮೆ ಬೋರ್ಡು, ಕಾರ್ಡು, ಡಿಸ್ಕುಗಳನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಆಗ ಹೋಗುವುದು ಒಂದು ಸುಗ್ಗಿಯ ದುಡಿಮೆ. ಶಿವನಸಮುದ್ರದ ಎಂಜಿನಿಯರುಗಳು ಗಣಿಯ ಯಂತ್ರಗಳಿಗೆ ಎಷ್ಟು ಬೇಕು, ಅಷ್ಟನ್ನು ತಂತಿ ಹೇಗೆ ತಾಳೀತು ಎಂದು ಮೊದಲು ಲೆಕ್ಕ ಹಾಕಿದ್ದರು. ಇಜೇರಿಯ ಹುಡುಗನೂ ಚೀಟಿ ಬರೆಯಲು ಕೂತಾಗ ಮೊದಲ ಸಾಲಿನಲ್ಲಿ ಎಸ್‌ಎಂಪಿಎಸ್ ಎಂದು ಬರೆಯಲಿ. ಮಿಕ್ಕ ಸಾಲುಗಳನ್ನು ಅದರ ಕೆಳಗೆ, ಅದು ಹೊರಬಲ್ಲಷ್ಟು ಮಾತ್ರ ಬರೆಯಲಿ.